ರಾಬಿನ್ ಬರೀ ಬಾಲಂಗೋಚಿ ಅಲ್ಲ

ಮಾನ್ಯರೇ,

ಭಾನುವಾರದ ಪುರವಣಿಯ ಸೂಪರ್‌ಹೀರೋ ಕಾಮಿಕ್ಸ್ ಲೇಖನದಲ್ಲಿ ರಾಬಿನ್‌ನನ್ನು ಬ್ಯಾಟ್‌ಮನ್‌ನ ಬಾಲಂಗೋಚಿ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ. ರಾಬಿನ್ ವೇಷ ತೊಟ್ಟ ಹುಡುಗ ಒಬ್ಬನೇ ಅಲ್ಲ. 1940ರಲ್ಲಿ ಬಂದ ಮೊದಲ ರಾಬಿನ್, ಡಿಕ್ ಗ್ರೇಸನ್‌ಗೆ ಆ ಮಾತು ಸ್ವಲ್ಪ ಒಪ್ಪಬಹುದೇನೋ. ಮೂರನೆಯವನಾದ ಟಿಮ್ ಡ್ರೇಕ್‌ಗೆ ಖಂಡಿತ ಒಪ್ಪುವುದಿಲ್ಲ.

ಅವನು ಬಂದಿದ್ದೇ ಕಷ್ಟದ ಹೊತ್ತಿನಲ್ಲಿ. ಎರಡನೇ ರಾಬಿನ್ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಅಂತ 1988ರಲ್ಲಿ ಬ್ಯಾಟ್‌ಮನ್ ಕಾಮಿಕ್ಸ್ ಪ್ರಕಟಿಸುವ ಡಿಸಿ ಕಂಪನಿ ಫೋನ್ ಮೂಲಕ ಓದುಗರ ಮತ ಕೇಳಿತ್ತು. ಬರೀ 72 ಮತಗಳ ಅಂತರದಲ್ಲಿ ಹುಡುಗ ಸತ್ತ. (ಎಂಥಾ ಓದುಗರಪ್ಪ!) ಮರುವರ್ಷ ಬಂದ ಟಿಮ್‌ನನ್ನು ಯಾರೂ ಕರೆದಿರಲಿಲ್ಲ. ತಾನು ಚಿಕ್ಕವನಿದ್ದಾಗ ಸರ್ಕಸ್‌ನಲ್ಲಿ ನೋಡಿದ್ದ, ಡಿಕ್ ಹಾಕಿದ್ದ ನಾಲ್ಕು ಸುತ್ತಿನ ಲಾಗವನ್ನೇ ಮುಂದೆ ಟಿವಿಯಲ್ಲಿ ರಾಬಿನ್ ಹಾಕುವುದನ್ನು ನೋಡಿ, ಮುಖವಾಡದ ಹಿಂದೆ ಯಾರಿದ್ದಾರೆ ಅಂತ ತಾನೇ ಕಂಡುಹಿಡಿದವನು ಅವನು. ಜೇಸನ್ ಸತ್ತ ಮೇಲೆ ಬ್ಯಾಟ್‌ಮನ್ ಹದ ತಪ್ಪುತ್ತಿದ್ದಾನೆ, ಜೊತೆಗೊಬ್ಬ ರಾಬಿನ್ ಬೇಕೇ ಬೇಕು ಅಂತ ಹಟ ಹಿಡಿದ. ಆದರೂ ವೇಷ ಸುಮ್ನೆ ಸಿಗಲಿಲ್ಲ. ಮೊದಲು ತರಬೇತಿ. ಆಮೇಲೆ ಸ್ಕೇರ್‌ಕ್ರೋ ಎಂಬ ಖಳನ ಕೈಗೆ ಸಿಕ್ಕಿದ್ದ ಬ್ಯಾಟ್‌ಮನ್‌ನನ್ನು ರಾಬಿನ್ ವೇಷವಿಲ್ಲದೆಯೇ ಹೋಗಿ ಬಿಡಿಸಿದ. 1990ರ ಕೊನೆಯಲ್ಲಿ ಬಂದ ಆ ಕತೆಯಲ್ಲೇ ಅವನಿಗೆ ವೇಷ ಸಿಕ್ಕಿತು, ಅದೂ ಹಳೆಯ ಚಡ್ಡಿಯಲ್ಲ, ಉದ್ದ ಪ್ಯಾಂಟಿನದು.

ಇಷ್ಟು ಒದ್ದಾಡಿ ಗೆದ್ದ ಹುಡುಗನಿಗೆ ಒಂದು ಸಾಲು ಸಾಲದು ಅಲ್ವಾ? ಪುರವಣಿಯಲ್ಲಿ ಟಿಮ್‌ಗೆ ಅರ್ಧ ಪುಟವಾದರೂ ಕೊಡಿ. ಹೊಸದಾಗಿ ಓದುವ ಮಕ್ಕಳು 1989ರ ಕತೆಗಳಿಂದ ಶುರು ಮಾಡಿ ಯಾವುದರ ನಂತರ ಯಾವುದನ್ನು ಓದಬೇಕು ಅಂತಲೂ ತಿಳಿಸಿ.

— ಒಬ್ಬ ಓದುಗ, ಮೈಸೂರು