ನನ್ನ ಮಾತು ಮುಗಿಯುವವರೆಗೆ ಕಾದವರಿಗೆ

ನನ್ನ ನರ್ಸಿಂಗ್ ಪದವಿಗೆ ಜರ್ಮನಿಯಲ್ಲಿ ಪೂರ್ಣ ಮಾನ್ಯತೆ ದೊರೆತಿರುವ ಪತ್ರ ಕಳೆದ ವಾರ ಸ್ಟುಟ್‌ಗಾರ್ಟ್‌ನ ನಮ್ಮ ಮನೆಗೆ ಅಂಚೆಯಲ್ಲಿ ಬಂದಿತು. ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹಲವು ವರ್ಷ ದುಡಿದಿದ್ದರೂ, ಜರ್ಮನ್ ಭಾಷೆಯಲ್ಲಿ ಸರಾಗವಾಗಿ ವ್ಯವಹರಿಸಬಲ್ಲ ಮಟ್ಟವಾದ ಬಿ2 ಹಂತವನ್ನು ದಾಟಿ, ಮೌಖಿಕ ಮತ್ತು ಪ್ರಾಯೋಗಿಕ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವವರೆಗೆ ಇಲ್ಲಿನ ವಾರ್ಡಿನಲ್ಲಿ ನಾನು ಸಹಾಯಕಿ ಮಾತ್ರವಾಗಿದ್ದೆ. ಅಭಿನಂದಿಸಿದ ಎಲ್ಲರಿಗೂ ವಂದನೆಗಳು. ಆದರೆ ಕೆಲವರ ಉಪಕಾರವನ್ನು ಬಿಡಿಸಿ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ಮೊದಲ ಕೃತಜ್ಞತೆ ನಮ್ಮ ವಾರ್ಡಿನ ಹಿರಿಯ ಸಹಾಯಕಿಗೆ ಸಲ್ಲಬೇಕು. ನಮ್ಮ ಕಡೆ ರೋಗಿಯ ಮೈ ಒರೆಸುವುದು, ಗಂಜಿ ಕುಡಿಸುವುದು ಹೆಚ್ಚಾಗಿ ಜೊತೆಗಿರುವ ಮನೆಯವರ ಪಾಲಿನ ಕೆಲಸ. ಇಲ್ಲಿ ಅವೆಲ್ಲವೂ ನರ್ಸುಗಳ ಕೆಲಸವೇ. ಊರಿನಲ್ಲಿ ಐ.ವಿ. (ರಕ್ತನಾಳಕ್ಕೆ ಸೂಜಿ) ಹಾಕುವುದರಲ್ಲಿ ಕೈ ಪಳಗಿದ್ದ ನನಗೆ, ಇಲ್ಲಿ ಅದನ್ನು ಬಹುಮಟ್ಟಿಗೆ ವೈದ್ಯರೇ ಮಾಡುವುದನ್ನು ಕಂಡು, ಬೇಸಿನ್ನು ಬಟ್ಟೆ ಹಿಡಿದು ನಿಂತಾಗ, ಓದಿದ್ದೆಲ್ಲ ವ್ಯರ್ಥವಾಯಿತೇ ಎನಿಸಿದ್ದುಂಟು. ಆಕೆ ನೀರನ್ನು ಮೊದಲು ರೋಗಿಯ ಕೈಗೆ ಮುಟ್ಟಿಸಿ, ಬಿಸಿ ಹದವಾಗಿದೆಯೇ ಎಂದು ಕೇಳಿ, ಉತ್ತರ ಬಂದ ಮೇಲಷ್ಟೇ ಮುಖ ಒರೆಸುತ್ತಿದ್ದರು. ಒರೆಸುವ ಭಾಗವನ್ನು ಬಿಟ್ಟು ಉಳಿದ ಮೈಯನ್ನು ಟವೆಲ್ಲಿನಿಂದ ಮುಚ್ಚಿಡುತ್ತಿದ್ದರು. ಮಗ್ಗುಲು ತಿರುಗಿಸುವಾಗ ಸೊಂಟದ ಕೆಳಗಿನ ಚರ್ಮ ಕೆಂಪಾಗಿದೆಯೇ, ಹಿಮ್ಮಡಿ ಒತ್ತಿಕೊಂಡಿದೆಯೇ ಎಂದು ನೋಡಿ ನನಗೂ ತೋರಿಸುತ್ತಿದ್ದರು. ಹಾಸಿಗೆಹುಣ್ಣು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಆ ಬೆಳಗುಗಳೇ. ಈ ಕೆಲಸಕ್ಕೆ ಮೂಗು ಮುರಿಯುವ ಹೊಸಬರ ಮಾತನ್ನು ನಾನೀಗ ಒಪ್ಪಲಾರೆ.

ಪಾಳಿ ಬದಲಾಗುವಾಗ ಕೊಡಬೇಕಾದ ವರದಿಯೇ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ತರಗತಿಯಲ್ಲಿ ಕಲಿತ ಜರ್ಮನ್ ಒಂದು, ಸ್ಟುಟ್‌ಗಾರ್ಟ್ ಸುತ್ತಲಿನ ಈ ಸ್ವಾಬಿಯಾ ಸೀಮೆಯ ಅಜ್ಜ ಅಜ್ಜಿಯರು ಆಡುವ ಜರ್ಮನ್ ಇನ್ನೊಂದು. ಕ್ರಿಯಾಪದ ಕೊನೆಗೆ ಬರುವುದು ಕನ್ನಡದವಳಿಗೆ ಹೊಸದೇನಲ್ಲವಾದರೂ, ಅಲ್ಲಿಯವರೆಗೆ ವಾಕ್ಯವನ್ನು ಎಳೆದುಕೊಂಡು ಹೋಗುವಷ್ಟರಲ್ಲಿ ಬೆವರಿಳಿಯುತ್ತಿತ್ತು. ಮನೆಗೆ ಹೊರಡುವ ಆತುರದಲ್ಲಿದ್ದ ಸಹೋದ್ಯೋಗಿಗಳು ನನ್ನ ಮಾತನ್ನು ತಾವೇ ಮುಗಿಸಲಿಲ್ಲ, ಇಂಗ್ಲಿಷಿಗೂ ಹೊರಳಲಿಲ್ಲ, ಸುಮ್ಮನೆ ಕಾದರು. ಆಗ ಅದು ನಿಷ್ಠುರವೆನಿಸಿತ್ತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರ ಎದುರು ಕುಳಿತಾಗ ಅವರೆಲ್ಲರನ್ನೂ ನೆನೆದೆ.

ನಮ್ಮ ಭಾಷಾ ಶಿಕ್ಷಕಿಯನ್ನೂ ಮರೆಯುವಂತಿಲ್ಲ. ಇಲ್ಲಿಗೆ ಹತ್ತಿರದ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿದ ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರೆಂದು ನಾನು ಮಾತಿನ ನಡುವೆ ಹೇಳಿದ್ದೇ ತಡ, ಮುಂದಿನ ತರಗತಿಯಲ್ಲಿ ಅದನ್ನೇ ಭಾಷಣವಾಗಿ ಹೇಳಿಸಿದರು. ತಿಳಿದ ವಿಷಯವಾದ್ದರಿಂದ ನಾಲಿಗೆ ತಡವರಿಸಲಿಲ್ಲ.

ಕೆಳಮನೆಯ ಅಜ್ಜಿಗೂ ನಮಸ್ಕಾರಗಳು. ಈ ಸೀಮೆಯ ಅನೇಕ ಕಟ್ಟಡಗಳಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ವಾರಕ್ಕೊಂದು ಮನೆಯಂತೆ ಸರದಿಯಲ್ಲಿ ಬರುತ್ತದೆ; ಸರದಿ ಬಂದವರ ಬಾಗಿಲಿಗೆ ಪುಟ್ಟ ಫಲಕವೊಂದನ್ನು ತೂಗುಹಾಕುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದ ಎಷ್ಟೋ ಶನಿವಾರ ಆ ಫಲಕ ನನ್ನ ಬಾಗಿಲಲ್ಲಿದ್ದರೂ ಮೆಟ್ಟಿಲು ಆಗಲೇ ಒದ್ದೆಯಾಗಿರುತ್ತಿತ್ತು. ಅವರು ಆ ವಿಷಯವನ್ನು ಎತ್ತಿದವರಲ್ಲ.

ಮಗಳನ್ನು ನೋಡಿಕೊಂಡು ಊರಿನಲ್ಲೇ ಉಳಿದ ನನ್ನ ಪತಿಗೆ ಮತ್ತು ಅತ್ತೆಗೆ ಇಲ್ಲಿ ಹೆಚ್ಚು ಬರೆಯಲಾರೆ. ಅದನ್ನು ಎದುರಿಗೆ ಕುಳಿತೇ ಹೇಳಬೇಕು.

ಸಂತೋಷ ಯಾರದೋ ಅವರೇ ಸಿಹಿ ತರಬೇಕೆಂಬುದು ಇಲ್ಲಿನ ರೂಢಿ. ಶುಕ್ರವಾರ ಮಧ್ಯಾಹ್ನದ ಪಾಳಿಗೆ ಕೊಬ್ಬರಿ ಮಿಠಾಯಿ ತರುತ್ತಿದ್ದೇನೆ. ಬೆಳಗಿನ ಪಾಳಿಯವರು ದಯವಿಟ್ಟು ಹೊರಟುಬಿಡದೆ ಕಾಯಬೇಕು.