ನಿಕ್ಸ್‌ಓಎಸ್ ಬಳಸುವ ಹಾಸನದ ಸದಸ್ಯರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ಕಂಪ್ಯೂಟರಿನಲ್ಲಿ ಯಾವ ತಂತ್ರಾಂಶ, ಯಾವ ಕನ್ನಡ ಕೀಲಿಮಣೆ, ಯಾವ ಫಾಂಟ್ ಇರಬೇಕೆಂಬುದನ್ನೆಲ್ಲ ನಿಕ್ಸ್‌ಓಎಸ್ ಎಂಬ ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಒಂದು ಸಂರಚನಾ ಕಡತದಲ್ಲೇ ಬರೆದಿಡುವುದರಿಂದ, ಡಿಸ್ಕ್ ಕೆಟ್ಟರೂ ಅದೇ ವ್ಯವಸ್ಥೆಯನ್ನು ಮತ್ತೆ ಕಟ್ಟಿಕೊಳ್ಳಬಹುದು. ಆದ್ದರಿಂದ ಆ ಕಡತವನ್ನು ಗಿಟ್‌ಗೆ (ಕಡತಗಳ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಸೇರಿಸಿ, ಬೇರೊಂದು ಯಂತ್ರದಲ್ಲೂ ಒಂದು ಪ್ರತಿ ಇಟ್ಟುಕೊಳ್ಳಬೇಕಾಗಿ ವಿನಂತಿ. ಕಳೆದ ವಾರ ನನ್ನ ಮನೆಯಲ್ಲಿ ಅಪ್‌ಡೇಟ್ ಆದ ಮೇಲೆ ಪರದೆ ಕಪ್ಪಾಗಿಯೇ ನಿಂತಾಗ, ಬೂಟ್ ಪಟ್ಟಿಯಲ್ಲಿ 42ರ ಬದಲು 41ನೆಯ ಜನರೇಶನ್ (ಅಪ್‌ಡೇಟ್‌ಗೆ ಮುಂಚಿನ ವ್ಯವಸ್ಥೆಯ ಉಳಿದಿರುವ ಆವೃತ್ತಿ) ಆರಿಸಿದ ಕೂಡಲೇ ಎಲ್ಲವೂ ಮೊದಲಿನಂತೆ ತೆರೆದುಕೊಂಡಿತು. ಆದರೆ ನಿಮ್ಮ ಫೋಟೊ, ಕಾಗದಪತ್ರಗಳು ಹೀಗೆ ಹಿಂದಿರುಗುವುದಿಲ್ಲ. ಅವಕ್ಕೆ ಪ್ರತ್ಯೇಕ ಬ್ಯಾಕಪ್ ಬೇಕೇ ಬೇಕು. ಗುಂಪಿನಲ್ಲಿ ಸಂರಚನೆ ಹಂಚುವವರು ಡಿಸ್ಕ್ ಮುಂತಾದವುಗಳ ವಿವರವಿರುವ ಹಾರ್ಡ್‌ವೇರ್ ಕಡತವನ್ನು ಬಿಟ್ಟು ಹಂಚಿರಿ, ಅದು ಆಯಾ ಯಂತ್ರಕ್ಕೆ ಮಾತ್ರ ಹೊಂದುತ್ತದೆ. ಪಾಸ್‌ವರ್ಡನ್ನಂತೂ ಸಂರಚನೆಯಲ್ಲಿ ಎಂದಿಗೂ ಬರೆಯಬೇಡಿ: ಸಂರಚನೆಯಲ್ಲಿ ಬರೆದದ್ದು ನಿಕ್ಸ್ ಸ್ಟೋರ್ ಎಂಬ ಕಡತಕೋಶಕ್ಕೆ ಸೇರುತ್ತದೆ, ಅಲ್ಲಿ ಸೇರಿದ್ದನ್ನು ಆ ಕಂಪ್ಯೂಟರಿನಲ್ಲಿ ಖಾತೆ ಇರುವ ಯಾರು ಬೇಕಾದರೂ ಓದಬಹುದು.