ಐದು ನಕ್ಷತ್ರ ನಂಬಿ ಸೀರೆ ಕೊಂಡೆವು

ಸಂಪಾದಕರೇ,

ಗೌರಿ ಹಬ್ಬಕ್ಕೆಂದು ಅಮ್ಮ ಮೊಬೈಲಿನಲ್ಲಿ ಜಾಹೀರಾತು ನೋಡಿ ಇಳಕಲ್ ಸೀರೆ ತರಿಸಿದರು. ಬೆಲೆ 699 ರೂಪಾಯಿ. ಕೆಳಗೆ ಸಾಲು ಸಾಲು ಐದು ನಕ್ಷತ್ರ. ಬಂದದ್ದು ಮೈಗೆ ಚುಚ್ಚುವ ಪಾಲಿಯೆಸ್ಟರ್. ಇಳಕಲ್ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಇದರಲ್ಲಿ ಸೆರಗನ್ನು ಸುಮ್ನೆ ಅಚ್ಚು ಹಾಕಿದ್ದರು! ಪೊಟ್ಟಣದೊಳಗೆ ಒಂದು ಚೀಟಿ ಬೇರೆ: ಐದು ನಕ್ಷತ್ರ ಕೊಟ್ಟು ಫೋಟೊ ಕಳಿಸಿದರೆ 50 ರೂಪಾಯಿ ವಾಪಸ್. ಆ ಹೊಗಳಿಕೆ ಎಲ್ಲಿಂದ ಬಂತು ಅಂತ ಆಗ ಗೊತ್ತಾಯಿತು.

ಮತ್ತೆ ಕೂತು ಎಲ್ಲ ಓದಿದೆ. ಜಾಸ್ತಿ ವಿಮರ್ಶೆಗಳು ಎರಡೇ ದಿನದಲ್ಲಿ ಬಿದ್ದಿದ್ದವು. ಎಲ್ಲದರಲ್ಲೂ ‘ಸೂಪರ್ ಕ್ವಾಲಿಟಿ’ ಎಂಬ ಒಂದೇ ಮಾತು. ಒಂದು ನಕ್ಷತ್ರ ಕೊಟ್ಟಿದ್ದ ಹೆಂಗಸೊಬ್ಬರು ಮಾತ್ರ ಬಣ್ಣ ಬಿಟ್ಟ ಅಂಚಿನ ಫೋಟೊ ಹಾಕಿದ್ದರು. ಅದನ್ನೇ ಮೊದಲು ನೋಡಬೇಕಿತ್ತು, ಅಲ್ವಾ? ಅಂಗಡಿಯ ವಿಳಾಸ ಹುಡುಕಿದರೆ ಬರೀ ಒಂದು ವಾಟ್ಸ್ಆ್ಯಪ್ ನಂಬರ್.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಗಡಿಯ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ತೋರಿಸಲೇಬೇಕು. ಮಾರುವವರೇ ಗ್ರಾಹಕರ ವೇಷ ಹಾಕಿ ವಿಮರ್ಶೆ ಬರೆಯುವಂತಿಲ್ಲ. 2022ರಲ್ಲಿ ಸರಕುಗಳ ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿತು, ಆದರೆ ಆಗ ಅದನ್ನು ಕಡ್ಡಾಯ ಮಾಡಲಿಲ್ಲ. ನಿಯಮ ಕಾಗದದಲ್ಲೇ ಉಳಿದರೆ ಅಮ್ಮನಂಥವರು ಯಾರನ್ನು ನಂಬಬೇಕು? ಹಣ ತೆಗೆದುಕೊಂಡು ಜಾಹೀರಾತು ಹಾಕುವ ಕಂಪನಿಗಳೂ ಮಾರುವವರ ವಿಳಾಸ ಪರೀಕ್ಷಿಸಲಿ.

ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

– ಓದುಗ, ಹಾವೇರಿ